ದಿಣ್ಣೆಯೊಳಗಿನ ಡ್ರಿಲ್ ಮೇಷ್ಟ್ರು

ಅವರ ಮನೆಗೆ ಮೊದಲ ಸಲ ಹೋದವರೆಲ್ಲ ಒಂದೇ ತಪ್ಪು ಮಾಡುತ್ತಿದ್ದರು. ಮನೆಯ ಮೇಲೆ ನಿಂತುಕೊಂಡು ಮನೆ ಎಲ್ಲಿ ಎಂದು ಕೇಳುತ್ತಿದ್ದರು.

ನಮ್ಮ ಹೈಸ್ಕೂಲಿಗೆ ಹೊಸದಾಗಿ ಬಂದಿದ್ದ ಹೆಡ್‌ಮಾಸ್ಟರು ಒಂದು ಭಾನುವಾರ ಸಂಜೆ ನಿಟ್ಟೂರಿನಿಂದ ರೈಲುಹಳಿ ಪಕ್ಕದ ಕಾಲುದಾರಿ ಹಿಡಿದು, ಪಂಚೆ ಎತ್ತಿ ಕಟ್ಟಿಕೊಂಡು ಆ ದಿಣ್ಣೆ ಹತ್ತಿದರು. ಸುತ್ತ ಹುರುಳಿ ಬೆಳೆ, ಆಚೆಗೆ ತೆಂಗಿನ ತೋಟ, ಒಂದು ನರಪಿಳ್ಳೆಯೂ ಕಾಣಿಸಲಿಲ್ಲ. "ಡ್ರಿಲ್ ಮೇಷ್ಟ್ರ ಮನೆ ಇಲ್ಲೇ ಅಂದ್ರಲ್ಲ..." ಎಂದು ತಮ್ಮಷ್ಟಕ್ಕೆ ಹೇಳಿಕೊಂಡರಂತೆ. ಆಗ ಕಾಲಬುಡದಲ್ಲಿ ಪುರ್ರ್ ಎಂದು ವಿಷಲ್ ಕೂಗಿತು. ಹಿಂದೆಯೇ ಭೂಮಿಯೊಳಗಿಂದ ಗಡಸು ದನಿ: "ಬಲಕ್ಕೆ ತಿರುಗ್! ಮುಂದೆ ನಡಿ! ಅಲ್ಲೇ ಮೆಟ್ಲವೆ ಸಾರ್, ಇಳ್ಕೊಂಡ್ ಬನ್ನಿ!" ಹೆಡ್‌ಮಾಸ್ಟರು ಬಲಕ್ಕೂ ತಿರುಗಲಿಲ್ಲ, ಎಡಕ್ಕೂ ತಿರುಗಲಿಲ್ಲ. ಬಂದ ದಾರಿಯಲ್ಲೇ ಓಡಿದರು. ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಡ್ರಿಲ್ ಮೇಷ್ಟ್ರು ಅವರನ್ನು ನೋಡಿ, "ನಿಮಗೆ ಕಮಾಂಡ್ ತಗೊಂಡು ಅಭ್ಯಾಸ ಇಲ್ಲ ಸಾರ್, ತಪ್ಪು ನಂದೇ," ಎಂದು ಸಮಾಧಾನ ಹೇಳಿದರು.

ಆ ಡ್ರಿಲ್ ಮೇಷ್ಟ್ರು ತೀರಿಕೊಂಡ ಸುದ್ದಿ ಹೋದ ತಿಂಗಳು ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಯೊಬ್ಬನಿಂದ ತಿಳಿಯಿತು. ಸುದ್ದಿ ಕೇಳಿ ದುಃಖವಾಯಿತು. ಬಸ್ಸಿನಲ್ಲಿ ಕೂತ ಮೇಲೆ ಒಬ್ಬನೇ ನಗತೊಡಗಿದೆ, ಪಕ್ಕದವರು ಸ್ವಲ್ಪ ಸರಿದು ಕೂತರು. ಅವರನ್ನು ನೆನೆದು ಬರೀ ಅಳುವುದು ನನ್ನಿಂದ ಸಾಧ್ಯವಿಲ್ಲ. ಹೆಸರು ಬರೆಯುವುದಿಲ್ಲ. ಅವರು ಕಟ್ಟಿದ ಮನೆಯ ಮೇಲೇ ಅವರ ಹೆಸರಿರಲಿಲ್ಲ, ನಾನೇಕೆ ಬರೆಯಲಿ?

ನಾನು ಆ ಶಾಲೆಗೆ ಸೈನ್ಸ್ ಮೇಷ್ಟ್ರಾಗಿ ಸೇರಿದ್ದು ಎಪ್ಪತ್ತರ ದಶಕದ ಮೊದಲಲ್ಲಿ. ಅವರು ಆಗಲೇ ಅಲ್ಲಿ ಹಳಬರು. ಖಾಕಿ ನಿಕ್ಕರು, ಮಂಡಿಯವರೆಗೆ ಎಳೆದ ಕಾಲುಚೀಲ, ಕುತ್ತಿಗೆಯಲ್ಲಿ ವಿಷಲ್. ನಡೆದರೆ ಪರೇಡು, ಮಾತಾಡಿದರೆ ಕಮಾಂಡು. ಮದುವೆಮನೆಯ ಪಂಕ್ತಿಯಲ್ಲಿ ಕೂತಾಗಲೂ ಎಡಬಲ ನೋಡಿ, ಸಾಲು ಸೊಟ್ಟಗಿದ್ದರೆ ಊಟದವರನ್ನು ಸರಿಯಾಗಿ ಕೂರಿಸುತ್ತಿದ್ದರು. ಸಹೋದ್ಯೋಗಿಗಳ ಹೆಸರು ನೆನಪಿಟ್ಟುಕೊಳ್ಳುವ ಗೋಜಿಗೇ ಹೋಗುತ್ತಿರಲಿಲ್ಲ. ಯಾರು ಯಾವ ಪಾಠ ಮಾಡುತ್ತಾರೋ ಅದೇ ಅವರ ಹೆಸರು. "ಹಿಂದಿಗೆ ಜ್ವರವಂತೆ, ಲೆಕ್ಕ ಮಾವನ ಮನೆಗೆ ಹೋಗಿದೆ. ಏನ್ರೀ ಸೈನ್ಸು, ಎರಡು ಕ್ಲಾಸೂ ನೀವೇ ನೋಡ್ಕೊಳ್ರೀ," ಎನ್ನುತ್ತಿದ್ದರು.

ಅವರಿಗೆ ಈ ಲೋಕದಲ್ಲಿ ಇದ್ದ ಶತ್ರು ಒಬ್ಬನೇ, ಸೂರ್ಯ. "ನೀವೆಲ್ಲ ಹೆಂಚಿನ ಕೆಳಗೆ ಕೂತು ಸಂಬಳ ತಗೋತೀರಿ ಕಣ್ರೀ. ನಾನು ಬಿಸಿಲಲ್ಲಿ ನಿಂತು ತಗೋತೀನಿ. ನನ್ನ ತಲೆ ಮುಟ್ಟಿ ನೋಡ್ರಿ, ರೊಟ್ಟಿ ಸುಡಬೋದು," ಎನ್ನುತ್ತಿದ್ದರು. ನಾನು ಒಮ್ಮೆ ಮುಟ್ಟಿ ನೋಡಿದ್ದೆ. ನಿಜಕ್ಕೂ ಸುಡುತ್ತಿತ್ತು.

ಹೀಗಿರುವಾಗ ಒಂದು ವರ್ಷ ಶಿವರಾತ್ರಿ ಸುಮಾರಿಗೆ ಮಕ್ಕಳನ್ನು ಕುಣಿಗಲ್ ಕಡೆಯ ಹುತ್ರಿದುರ್ಗಕ್ಕೆ ಪ್ರವಾಸ ಕರೆದುಕೊಂಡು ಹೋದೆವು. ಮಧ್ಯಾಹ್ನಕ್ಕೆ ಬೆಟ್ಟದ ಬಂಡೆ ಕಾದು ಕಾಲಿಡಲಾಗದಂತಾಯಿತು. ಎಲ್ಲರೂ ಒಂದು ದೊಡ್ಡ ಬಂಡೆಯ ಕೆಳಗಿನ ಗವಿಯೊಳಕ್ಕೆ ನುಗ್ಗಿದೆವು. ಒಳಗೆ ಎಂಥ ತಂಪು! ಡ್ರಿಲ್ ಮೇಷ್ಟ್ರು ಟೋಪಿ ತೆಗೆದಿಟ್ಟು ನೆಲಕ್ಕೆ ಬೆನ್ನು ಹಚ್ಚಿ ಮಲಗಿದರು. ಬಿಸಿಲು ಇಳಿಯಿತು, ಮಕ್ಕಳು ಸಾಲು ನಿಂತರು, ಬಸ್ಸಿನವನು ಕೆಳಗಿನಿಂದ ಹಾರನ್ ಹೊಡೆದ. ಮೇಷ್ಟ್ರು ಏಳಲಿಲ್ಲ. "ಸಾರ್, ಹೊರಡೋಣ," ಎಂದೆ. ಮಲಗಿದ್ದಲ್ಲಿಂದಲೇ, "ನೀವು ಹೋಗ್ರಿ ಸೈನ್ಸು. ನಾನು ರಿಟೈರ್ ಆದ್ಮೇಲೆ ಬರ್ತೀನಿ," ಎಂದರು. ನಾವು ನಾಲ್ಕು ಜನ ಸೇರಿ ಎಬ್ಬಿಸಬೇಕಾಯಿತು.

ಅಲ್ಲಿಂದ ಬಂದ ಮೇಲೆ ಅವರ ಬಾಯಲ್ಲಿ ಒಂದೇ ಮಾತು. ನಮ್ಮ ಕಡೆ ರಾಗಿ ಬೆಳೆಯುವವರ ಮನೆಗಳಲ್ಲಿ ಹಗೇವು ಎಂದು ಇರುತ್ತಿತ್ತು. ನೆಲದೊಳಗೆ ಆಳವಾಗಿ ತೋಡಿ, ರಾಗಿ ತುಂಬಿ, ಬಾಯಿ ಮುಚ್ಚಿಡುವ ಗುಂಡಿ. "ಹಗೇವಲ್ಲಿಟ್ಟ ರಾಗಿ ವರ್ಷಗಟ್ಟಲೆ ಕೆಡಲ್ಲ. ಮನುಷ್ಯ ಯಾಕ್ರೀ ಕೆಡ್ತಾನೆ?" ಎಂದು ಸ್ಟಾಫ್ ರೂಮಿನಲ್ಲಿ ಕೇಳಿದರು. ಹಿಂದಿ ಮೇಷ್ಟ್ರು, "ರಾಗಿ ಉಸಿರಾಡಲ್ವಲ್ಲ ಸಾರ್," ಎಂದರು. "ಅದಕ್ಕೇನಂತೆ, ಕಿಟಕಿ ಇಡೋಣ ಬುಡ್ರಿ," ಎಂದು ಡ್ರಿಲ್ ಮೇಷ್ಟ್ರು ಆ ಸಮಸ್ಯೆಯನ್ನು ಅಲ್ಲಿಗೇ ಮುಗಿಸಿ ನನ್ನತ್ತ ತಿರುಗಿದರು. "ಏನ್ರೀ ಸೈನ್ಸು, ಭೂಮಿ ಒಳಗೆ ಬೇಸಿಗೇಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಹೌದೋ ಅಲ್ವೋ?" ನಾನು ಪುಸ್ತಕದಲ್ಲಿದ್ದದ್ದನ್ನು ನೆನೆದು ಹೌದು ಎಂದೆ. ಆ ಒಂದು 'ಹೌದು' ನನಗೆ ಬಹಳ ದುಬಾರಿಯಾಯಿತು. ಅವರ ಹೆಂಡತಿ ಮುಂದೆ ಎಷ್ಟೋ ವರ್ಷ, "ಈ ಸೈನ್ಸ್ ಮೇಷ್ಟ್ರು ಬಾಯಿ ಮುಚ್ಕೊಂಡಿದ್ದಿದ್ರೆ ನಾವೂ ಎಲ್ಲರ ಹಾಗೆ ನೆಲದ ಮೇಲೆ ಇರ್ತಿದ್ವಿ," ಎಂದು ಬಂದವರಿಗೆಲ್ಲ ನನ್ನನ್ನು ಪರಿಚಯ ಮಾಡಿಕೊಡುತ್ತಿದ್ದರು.

ಹೆಂಡತಿ ಲಲಿತಮ್ಮನವರ ಬಗ್ಗೆ ಇಲ್ಲೇ ಹೇಳಬೇಕು. ಇಡೀ ಹೈಸ್ಕೂಲನ್ನು ವಿಷಲ್ಲಿನಲ್ಲಿ ಆಳುತ್ತಿದ್ದ ಮನುಷ್ಯನನ್ನು ಆಕೆ ಹುಬ್ಬಿನಲ್ಲಿ ಆಳುತ್ತಿದ್ದರು. ಮದುವೆಯಾದಾಗಿನಿಂದ ಬಾಡಿಗೆ ಮನೆಗಳಲ್ಲೇ ಬದುಕಿದವರು. ಕುಣಿಗಲ್ಲಿನಲ್ಲಿ ಮನೆಯೊಡೆಯನ ತಾಯಿ ಬಾವಿಕಟ್ಟೆಯಲ್ಲಿ ಕೂತು ಇವರು ಸೇದುವ ನೀರನ್ನು ಕಣ್ಣಲ್ಲೇ ಅಳೆಯುತ್ತಿದ್ದಳಂತೆ. ಗುಬ್ಬಿಯಲ್ಲಿ ಗೋಡೆಗೆ ಮೊಳೆ ಹೊಡೆಯಬಾರದೆಂದು ಕಟ್ಟುನಿಟ್ಟು, ದೇವರ ಪಟಗಳೆಲ್ಲ ಟ್ರಂಕಿನ ಮೇಲೆ ಒಂದಕ್ಕೊಂದು ಒರಗಿ ನಿಂತಿದ್ದವು. ನೆಂಟರು ಯಾರಾದರೂ ಬಂದು ಬೀದಿಯಲ್ಲಿ ವಿಚಾರಿಸಿದರೆ ಒಡತಿ ಜಗಲಿಯಿಂದಲೇ, "ಓ, ನಮ್ಮ ಬಾಡಿಗೆಯೋರಾ?" ಎಂದು ಕೂಗುತ್ತಿದ್ದಳು. ಲಲಿತಮ್ಮನವರಿಗೆ ಇದ್ದದ್ದು ಒಂದೇ ಆಸೆ. ಬೀದಿಯಲ್ಲಿ ಹೋಗುವವರು ಒಂದು ಮನೆ ನೋಡಿ ಇದು ಯಾರದು ಎಂದು ಕೇಳಬೇಕು, ಯಾರಾದರೂ ಇದು ಲಲಿತಮ್ಮನವರದು ಎನ್ನಬೇಕು.

ಈ ಆಸೆಗೆ ತುಪ್ಪ ಹೊಯ್ಯಲು ಅವರಿಗೆ ಒಬ್ಬ ಅಣ್ಣ ಇದ್ದ. ತುಮಕೂರಿನಲ್ಲಿ ಸಿಮೆಂಟ್ ಅಂಗಡಿ, ಊರಂಚಿನ ಮರಳೂರಿನಲ್ಲಿ ಎರಡಂತಸ್ತಿನ ಆರ್‌ಸಿಸಿ ಮನೆ. ಸಿಮೆಂಟು ಪರ್ಮಿಟ್ಟಿನ ಮೇಲೆ ಸಿಗುತ್ತಿದ್ದ ಕಾಲ, ಹಾಗಾಗಿ ಆತನ ಅಂಗಡಿ ಮುಂದೆ ದೊಡ್ಡ ದೊಡ್ಡವರೇ ಕೈಕಟ್ಟಿ ನಿಲ್ಲುತ್ತಿದ್ದರು. ತಂಗಿಯ ಗಂಡ ಮಣ್ಣಿನಲ್ಲಿ ಮನೆ ಮಾಡುತ್ತಾನೆಂಬ ಸುದ್ದಿ ಆತನಿಗೆ ತನ್ನ ಅಂಗಡಿಗೇ ಮಣ್ಣು ಎರಚಿದ ಹಾಗಾಯಿತು. ಸಿಮೆಂಟು ನಾನು ಕೊಡುತ್ತೇನೆ, ನಿಧಾನಕ್ಕೆ ದುಡ್ಡು ಕೊಡಿ ಎಂದ. ಮೇಷ್ಟ್ರು, "ನಿಮ್ಮ ಸಿಮೆಂಟು ಮಧ್ಯಾಹ್ನ ಕಾಯ್ತದೆ, ರಾತ್ರಿ ಬೇಯಿಸ್ತದೆ. ನಾನು ಮನುಷ್ಯ, ಇಡ್ಲಿ ಅಲ್ಲ," ಎಂದು ಕಳಿಸಿಬಿಟ್ಟರು.

ನಿಟ್ಟೂರಿನ ಆಚೆ, ರೈಲುಹಳಿಗೆ ಎದುರಾಗಿ ಒಂದು ದಿಣ್ಣೆ ಅಗ್ಗಕ್ಕೆ ಸಿಕ್ಕಿತು. ಅದರ ಹಿಂಬದಿಯ ಇಳಿಜಾರನ್ನು ಕಡಿದು ಒಳಗೆ ಮೂರು ಅಂಕಣದಷ್ಟು ಜಾಗ ಮಾಡಿಸಿದರು. ಕಲ್ಲು ಕಂಬ ನಿಲ್ಲಿಸಿ, ಕಲ್ಲು ಚಪ್ಪಡಿ ಹೊದಿಸಿ, ಮೇಲೆ ಶಿರಾ ಸೀಮೆಯವರು ಮಾಳಿಗೆಗೆ ಹಾಕುವ ಚೌಳು ಮಣ್ಣನ್ನು ಗಾಡಿಗಟ್ಟಲೆ ತರಿಸಿ ತುಳಿಸಿದರು. ಅದರ ಮೇಲೆ ಹೊಲದ ಮಣ್ಣು. ಮೂರು ಕಡೆ ಭೂಮಿ, ಒಂದು ಕಡೆ ಮಾತ್ರ ಬಾಗಿಲು ಕಿಟಕಿ, ಎದುರಿಗೆ ತಗ್ಗಿನಲ್ಲೊಂದು ಅಂಗಳ, ಅಂಗಳಕ್ಕೆ ಇಳಿಯಲು ಮೆಟ್ಟಿಲು. ಒಲೆಯ ಹೊಗೆಗೂ ಗಾಳಿಗೂ ಸೂರಿನಿಂದ ಕೊಳವೆಗಳು ಮೇಲಕ್ಕೆ ಹೋಗಿದ್ದವು.

ಊರಿನವರು ಮನೆ ಎಂದರೆ ನಂಬಲಿಲ್ಲ. ದಿಣ್ಣೆ ಅಗೆಯುವವನು ನಿಧಿಗಲ್ಲದೆ ಇನ್ಯಾತಕ್ಕೆ ಅಗೆಯುತ್ತಾನೆ? ಒಬ್ಬರು ಇಬ್ಬರು ನಿಂಬೆಹಣ್ಣು ಕುಂಕುಮ ತಂದು, "ನಮ್ಮ ಕಡೆ ಒಬ್ಬರವ್ರೆ, ಅಂಜನ ಹಾಕಿ ನೋಡ್ತಾರೆ, ಸಿಕ್ಕಿದ್ರಲ್ಲಿ ಕಾಲುಭಾಗ," ಎಂದು ಗುಟ್ಟಾಗಿ ಕೇಳಿದರು. ಮೇಷ್ಟ್ರು ಅವರ ಕೈಗೆ ಗುದ್ದಲಿ ಕೊಟ್ಟು, ಸಂಜೆಯವರೆಗೆ ಅಗೆಸಿ, ನಿಂಬೆಹಣ್ಣಿನ ಪಾನಕ ಮಾಡಿ ಕುಡಿಸಿ ಕಳಿಸಿದರು. ಹೀಗೆ ನಿಧಿಯ ಆಸೆಗೆ ಬಂದವರಿಂದಲೇ ಅಡುಗೆಮನೆಯ ಅರ್ಧ ಭಾಗ ಆಯಿತೆಂದು ಅವರು ಹೇಳುತ್ತಿದ್ದರು.

ಗೃಹಪ್ರವೇಶದ ದಿನ ನಾವೆಲ್ಲ ಹೋಗಿದ್ದೆವು. ಪದ್ಧತಿಯಂತೆ ಮೊದಲು ಹಸು ಒಳಗೆ ಹೋಗಬೇಕು. ಐನೋರು ಮಂತ್ರ ಹೇಳುತ್ತ ಅಂಗಳದಲ್ಲಿ ನಿಂತಿದ್ದರು. ಅರಿಶಿನ ಕುಂಕುಮ ಹಚ್ಚಿಸಿಕೊಂಡ ಹಸು ಮೆಟ್ಟಿಲಿನ ಹತ್ತಿರ ಬಂದು ಕೆಳಗೆ ನೋಡಿತು, ಬೇಡವೆಂದು ನಿರ್ಧರಿಸಿತು, ಹಗ್ಗ ಕಿತ್ತುಕೊಂಡು ಪಕ್ಕದ ಏರಿ ಹತ್ತಿ ಸೀದಾ ಮನೆಯ ನೆತ್ತಿಗೆ ಹೋಗಿ ಮೇಯತೊಡಗಿತು. ಎಷ್ಟು ಎಳೆದರೂ ಇಳಿಯಲಿಲ್ಲ. ಎಲ್ಲರೂ ಐನೋರ ಮುಖ ನೋಡಿದರು. ಮನೆಯ ಮೇಲೆ ಹೋದರೆ ಮನೆಗೆ ಹೋದಂತೆಯೇ? ಅವರ ಪಂಚಾಂಗದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಅಷ್ಟರಲ್ಲಿ ಸಿಮೆಂಟ್ ಅಂಗಡಿಯ ಅಣ್ಣ, "ಹಸೂಗೆ ಬುದ್ಧಿ ಐತೆ ಕಣ್ರೀ. ಮನೆ ಯಾವ್ದು, ಹೊಲ ಯಾವ್ದು ಅಂತ ಅದಕ್ಕೆ ಗೊತ್ತಾಯ್ತದೆ," ಎಂದ. ಅಂಗಳ ತುಂಬ ನಗೆ. ಹಸು ಬಾಲ ಎತ್ತಿ ಅಲ್ಲೇ ಸಗಣಿ ಹಾಕಿತು. ಐನೋರು ತಕ್ಷಣ, "ಆಯ್ತು! ಮೇಲಿನಿಂದ ಶುದ್ಧಿಯಾಯ್ತು!" ಎಂದು ಘೋಷಿಸಿ ಕಾಯಿ ಒಡೆದರು.

ನಕ್ಕವರಲ್ಲಿ ನಾನೂ ಇದ್ದೆ. ಲಲಿತಮ್ಮ ನಗಲಿಲ್ಲ.

ಊಟದ ಹೊತ್ತಿಗೆ ಅಣ್ಣನಿಗೆ ಇನ್ನೂ ಹುರುಪು ಬಂದಿತ್ತು. "ಇವತ್ತಲ್ಲ ನಾಳೆ ನನ್ನ ಅಂಗಡಿ ಮುಂದೆ ಬಂದು ನಿಲ್ತೀರಿ ಮೇಷ್ಟ್ರೇ, ಬರೆದಿಟ್ಕೊಳಿ," ಎಂದ. ಡ್ರಿಲ್ ಮೇಷ್ಟ್ರಿಗೆ ಕೆನ್ನೆಯವರೆಗೆ ಹುರಿಮಾಡಿದ ಒಂದು ಮೀಸೆ ಇತ್ತು. ಅದನ್ನು ಮುಟ್ಟಿಕೊಂಡು ಪಂಕ್ತಿಯಲ್ಲೇ ಎದ್ದು ನಿಂತು, "ನಿಂತ್ರೆ ಈ ಮೀಸೆ ಬೋಳಿಸ್ಕೊಂಡು ನಿಲ್ತೀನಿ!" ಎಂದರು. ಎಲ್ಲರೂ ಹೋ ಎಂದರು.

ಸಂಜೆ ಉಳಿದ ನೆಂಟರೆಲ್ಲ ಹೊರಟ ಮೇಲೆ ಲಲಿತಮ್ಮ ತಮ್ಮ ಟ್ರಂಕನ್ನು ಒಳಗಿಂದ ತಂದು ಅಂಗಳದಲ್ಲಿಟ್ಟರು.

"ಹಾಲು ಉಕ್ಕಿಸಿದ್ದಾಯ್ತು. ನಾನು ಅಣ್ಣನ ಜತೆ ಹೊರಡ್ತೀನಿ," ಎಂದರು.

"ಎಲ್ಲಿಗೆ?"

"ಮರಳೂರಿಗೆ. ಇಷ್ಟು ವರ್ಷ ಕಂಡೋರ ಮನೇಲಿದ್ದೆ, ಒಂದು ಮಾತೂ ಆಡ್ಲಿಲ್ಲ. ನಮ್ಮದೂಂತ ಒಂದಾದ್ರೆ ನಾಲ್ಕು ಜನ ನೋಡ್ಲಿ, ಇದ್ಯಾರ ಮನೆ ಅಂತ ಕೇಳ್ಲಿ ಅಂತ ಆಸೆ ಇಟ್ಕೊಂಡಿದ್ದೆ. ನೀವು ಮನೇನ ಕಟ್ಟಿದ್ರಿ, ಕಟ್ಟಿ ಹೂತಾಕಿದ್ರಿ. ನನ್ನ ತಲೆ ಮೇಲೆ ದನ ಮೇಯ್ತವೆ. ಕಾಣೋ ಹಾಗೆ ಒಂದು ಮನೆ ಕಟ್ಟಿ, ಅವತ್ತು ಬರ್ತೀನಿ."

ಜಗಳದ ದನಿ ಇರಲಿಲ್ಲ. ಡ್ರಿಲ್ ಮೇಷ್ಟ್ರು ಪರೇಡಿನಲ್ಲಿ ನಿಂತ ಹಾಗೆ ಎರಡೂ ಕೈ ಪಕ್ಕಕ್ಕೆ ಬಿಟ್ಟು ನೆಟ್ಟಗೆ ನಿಂತಿದ್ದರು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ಹಾಗೆಯೇ ನಿಂತಿದ್ದರು.

ಆಮೇಲಿನ ದಿನಗಳು ಅವರ ಒಂಟಿ ಸಂಸಾರದ ದಿನಗಳು. ದಿಣ್ಣೆಯ ನೆತ್ತಿಯಲ್ಲಿ ಹುರುಳಿ ಬಿತ್ತಿದರು. ಮೇಲೆ ಬೆಳೆದದ್ದನ್ನು ಕೆಳಗೆ ಬೇಯಿಸಿ ಉಂಡರು. ಮನೆ ತಂಪಾಗಿತ್ತು, ಅದರಲ್ಲಿ ಸುಳ್ಳಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನವೂ ಅಲ್ಲಿ ಹೊದ್ದು ಮಲಗಬಹುದಿತ್ತು. ಆದರೆ ಜನಕ್ಕೆ ಅದು ಮನೆ ಎಂಬುದೇ ಮರೆತುಹೋಗುತ್ತಿತ್ತು. ಒಂದು ದಿನ ಹೊಸದಾಗಿ ಆ ಕಡೆ ದನ ಹೊಡೆದುಕೊಂಡು ಬಂದವನೊಬ್ಬ, ನೆಲದಿಂದ ಹೊಗೆ ಏಳುವುದನ್ನು ಕಂಡು, ಹುಲ್ಲಿಗೆ ಬೆಂಕಿ ಬಿದ್ದಿದೆ ಎಂದು ಹತ್ತಿರದ ಕಪಿಲೆ ಬಾವಿಯಿಂದ ಕೊಡ ನೀರು ತಂದು ಆ ಕೊಳವೆಗೇ ಸುರಿದ. ಕೆಳಗೆ ಮುದ್ದೆ ತೊಳಸುತ್ತಿದ್ದ ಮೇಷ್ಟ್ರು ಮೈಯೆಲ್ಲ ಬೂದಿ ಮಸಿಯಾಗಿ, ಹಿಟ್ಟಿನ ಕೋಲು ಹಿಡಿದು ಭೂಮಿಯಿಂದ ಎದ್ದು ಬಂದರು. ಪಾಪ, ಅವನು ದನಗಳನ್ನು ಅಲ್ಲೇ ಬಿಟ್ಟು ಓಡಿದ. ಆ ದನಗಳನ್ನು ಸಂಜೆ ಮೇಷ್ಟ್ರೇ ಸಾಲಾಗಿ ನಡೆಸಿಕೊಂಡು ಹೋಗಿ ಅವನ ಮನೆಗೆ ಮುಟ್ಟಿಸಿದರು.

ಕುರಿ ಕಾಯುವ ಮುದುಕನೊಬ್ಬನಿಗಂತೂ ಆ ಗಾಳಿಯ ಕೊಳವೆ ಬಹಳ ಹಿಡಿಸಿತ್ತು. ಕಂಬಳಿ ಹಾಸಿ ಮನೆಯ ಮೇಲೆ ಮಲಗಿ, ಕೊಳವೆಗೆ ಬಾಯಿಟ್ಟು, "ಮೇಷ್ಟ್ರೇ, ಬೆಂಕಿಪೊಟ್ಣ ಐತಾ?" ಎನ್ನುತ್ತಿದ್ದ. ಇವರು ಕೆಳಗಿನಿಂದ, "ಬೀಡಿ ಸೇದ್ಬೇಡ ಕಣಯ್ಯ, ಬೂದಿ ನನ್ನ ಸಾರಿಗೆ ಬೀಳ್ತದೆ," ಎನ್ನುತ್ತಿದ್ದರು. ಪಂಚಾಯ್ತಿಯವರು ಮನೆ ಕಂದಾಯ ಹಾಕಲು ಬಂದು, ಹೊಲ ಕಂಡು ವಾಪಸು ಹೋದರು. ಶ್ಯಾನುಭೋಗರು ಬೆಳೆ ಬರೆದುಕೊಳ್ಳಲು ಬಂದು, ಅಂಗಳದಲ್ಲಿ ಒಣಹಾಕಿದ್ದ ನಿಕ್ಕರು ಕಂಡು ವಾಪಸು ಹೋದರು. ಮೇಷ್ಟ್ರು ಇದನ್ನೆಲ್ಲ ನಮಗೆ ಹೇಳಿ ನಗಿಸುತ್ತಿದ್ದರು. ಹೇಳಿ ಮುಗಿದ ಮೇಲೆ ಊಟದ ಡಬ್ಬಿ ತೆಗೆದರೆ ಅದರಲ್ಲಿ ಅರೆಬೆಂದ ಮುದ್ದೆ ಇರುತ್ತಿತ್ತು.

ಪ್ರತಿ ಭಾನುವಾರ ಪ್ಯಾಸೆಂಜರ್ ರೈಲಿನಲ್ಲಿ ತುಮಕೂರಿಗೆ ಹೋಗಿ ಹೆಂಡತಿಯನ್ನು ನೋಡಿಕೊಂಡು ಬರುತ್ತಿದ್ದರು. ಇವರು ಹುರುಳಿ ಕೊಡುವುದು, ಆಕೆ ಚಟ್ನಿಪುಡಿ ಕೊಡುವುದು. ಗಂಡ ಹೆಂಡಿರಿಗೆ ಮನಸ್ತಾಪ ಎಳ್ಳಷ್ಟೂ ಇರಲಿಲ್ಲ. ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ಬೇಸಿಗೆ, ಮಧ್ಯಾಹ್ನ, ಮರಳೂರಿನಲ್ಲಿ ಕರೆಂಟು ಇಲ್ಲ. ಆ ಎರಡಂತಸ್ತಿನ ಮನೆ ಇಟ್ಟಿಗೆ ಗೂಡಿನಂತೆ ಕಾದಿತ್ತು. ಅಣ್ಣ ಬನಿಯನ್ನಿನಲ್ಲಿ ಕೂತು ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ. ಮೇಷ್ಟ್ರು ಈಗ ಬಿಡುವುದಿಲ್ಲ, ಇಡ್ಲಿಯ ಮಾತು ತೆಗೆದೇ ತೆಗೆಯುತ್ತಾರೆ ಎಂದು ನಾನು ಕಾದೆ. ತೆಗೆಯಲಿಲ್ಲ.

ಹೊರಡುವಾಗ ನಾನೇ ಸುಮ್ಮನಿರಲಾರದೆ, "ಅಮ್ಮಾ, ಅಲ್ಲಿ ಎಷ್ಟು ತಂಪಾಗಿದೆ ಗೊತ್ತಾ?" ಎಂದೆ.

"ಗೊತ್ತು ಮೇಷ್ಟ್ರೇ. ಸೆಖೆ ತಡೀಬೋದು. ಬಾಡಿಗೆಯೋರು ಅಂದಿದ್ದು ಕಿವೀಲಿ ಕೂತದೆ, ಅದನ್ನ ತಡೆಯಕ್ಕಾಗಲ್ಲ," ಎಂದರು ಲಲಿತಮ್ಮ.

ವಾಪಸು ಬರುವಾಗ ಮೇಷ್ಟ್ರು ರೈಲಿನ ಕಿಟಕಿ ಪಕ್ಕ ಕೂತರು. ನಿಟ್ಟೂರು ಹತ್ತಿರ ಬಂದಾಗ ಕಿಟಕಿ ತೋರಿಸಿ, "ಸೈನ್ಸು, ನಮ್ಮನೆ ಕಾಣ್ತದಾ ನೋಡ್ರಿ," ಎಂದರು. ನೋಡಿದೆ. ಹುರುಳಿ ಬೆಳೆದ ಒಂದು ದಿಣ್ಣೆ ಹಿಂದೆ ಹೋಯಿತು. "ಕಾಣಲ್ಲ ಸಾರ್," ಎಂದೆ. ಇಷ್ಟು ದಿನ ಆ ಮಾತನ್ನು ಅವರು ಎದೆಯುಬ್ಬಿಸಿ ಹೇಳುತ್ತಿದ್ದರು. ಅವತ್ತು ಮೆಲ್ಲಗೆ, "ಹೌದು, ಕಾಣಲ್ಲ," ಎಂದರು.

ಮುಂದಿನ ಶನಿವಾರ ಬೆಳಗಿನ ಕ್ಲಾಸು ಮುಗಿದ ಕೂಡಲೇ, "ನಡೀರಿ ಸೈನ್ಸು, ತುಮಕೂರಲ್ಲಿ ಸ್ವಲ್ಪ ಕೆಲಸ," ಎಂದರು. ಪರ್ಮಿಟ್ ಚೀಟಿ ಜೇಬಿನಲ್ಲಿತ್ತು. ಇಳಿದವರೇ ಒಂದು ಕ್ಷೌರದಂಗಡಿಗೆ ನುಗ್ಗಿ, ಕುರ್ಚಿಯಲ್ಲಿ ಕೂತು, "ಮೀಸೆ ತೆಗಿ," ಎಂದರು. ಕ್ಷೌರದವನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ನಾನು ಗಾಬರಿಯಿಂದ, "ಇನ್ನೂ ಅಂಗಡಿಗೇ ಹೋಗಿಲ್ಲ, ಈಗ್ಲೇ ಯಾಕೆ ಸಾರ್?" ಎಂದೆ.

"ಬೋಳಿಸ್ಕೊಂಡು ನಿಲ್ತೀನಿ ಅಂದಿದ್ದೆ. ಮೊದ್ಲು ಬೋಳಿಸ್ಬೇಕು, ಆಮೇಲೆ ನಿಲ್ಬೇಕು. ಆರ್ಡರ್ ತಪ್ಪಬಾರ್ದು."

ಸಿಮೆಂಟ್ ಅಂಗಡಿ ಮುಂದೆ ಉದ್ದಕ್ಕೆ ಕ್ಯೂ. ಗಲ್ಲಾದಲ್ಲಿ ಕೂತಿದ್ದ ಭಾವಮೈದನಿಗೆ ಮೊದಲು ಗುರುತೇ ಹತ್ತಲಿಲ್ಲ. ಹತ್ತಿದ ಮೇಲೆ ಎದ್ದು ನಿಂತು, ಅಂಗಡಿಯಲ್ಲಿದ್ದವರೆಲ್ಲ ಕೇಳುವ ಹಾಗೆ, "ಓಹೋ ಮೇಷ್ಟ್ರು! ಸಾಲಲ್ಲಿ ಬನ್ನಿ, ಸಾಲಲ್ಲಿ ಬನ್ನಿ. ನಿಮಗೆ ಹೇಳ್ಕೊಡಬೇಕಾ?" ಎಂದ. ಮೇಷ್ಟ್ರು ನೆತ್ತಿಯ ಮೇಲಿನ ಬಿಸಿಲಿನಲ್ಲಿ ಕಡೆಯವರಾಗಿ ನಿಂತರು. ಅಭ್ಯಾಸಬಲದಿಂದ ಕ್ಯೂ ಸೊಟ್ಟಗಿದ್ದದ್ದನ್ನು ನೆಟ್ಟಗೂ ಮಾಡಿಸಿದರು. ಅವರ ಸರದಿ ಬಂದಾಗ ಭಾವಮೈದ ಹಿಂದೆ ಅಟ್ಟಿಯಾಗಿದ್ದ ಚೀಲಗಳ ಕಡೆ ತಿರುಗಿಯೂ ನೋಡದೆ, "ಇವತ್ತಿಂದು ಮುಗೀತಲ್ಲ. ಸೋಮವಾರ ಬನ್ನಿ," ಎಂದ. ನನಗೆ ಮೈ ಉರಿದುಹೋಯಿತು. ಕೈ ಎತ್ತುವಷ್ಟು ಸಿಟ್ಟು ನನಗೆ ಅದಕ್ಕೆ ಮೊದಲೂ ಬಂದಿಲ್ಲ, ಆಮೇಲೂ ಬಂದಿಲ್ಲ. ಮೇಷ್ಟ್ರು ನನ್ನ ತೋಳು ಹಿಡಿದು, "ಸುಮ್ನಿರ್ರಿ ಸೈನ್ಸು," ಎಂದರು. ಸೋಮವಾರ ರಜಾ ಹಾಕಿ ಹೋಗಿ ಮತ್ತೆ ನಿಂತು ಸಿಮೆಂಟು ತಂದರು.

ಆ ಸಿಮೆಂಟಿನಲ್ಲಿ ಅವರು ಕಟ್ಟಿಸಿದ್ದು ಒಂದು ಗೋಡೆ. ದಿಣ್ಣೆಯ ನೆತ್ತಿಯ ಅಂಚಿನಲ್ಲಿ, ರೈಲುಹಳಿಗೆ ಎದುರಾಗಿ, ಮನೆಯ ಮುಂಭಾಗ ಹೇಗಿರಬೇಕೋ ಹಾಗೆ: ನಡುವೆ ಬಾಗಿಲು, ಎರಡು ಪಕ್ಕ ಕಂಬಿ ಹಾಕಿದ ಕಿಟಕಿ, ಮೇಲೆ ಸಜ್ಜಾ. ಗಾರೆಯವನು ತಲೆ ಕೆರೆದುಕೊಂಡು, "ಹಿಂದಗಡೆ ಏನು ಕಟ್ಟಾಣ ಸಾರ್?" ಎಂದ. "ಹಿಂದೆ ಏನೂ ಇಲ್ಲ ಕಣಯ್ಯ, ಮುಂದೆ ಮಾತ್ರ," ಎಂದರು. ಸಜ್ಜಾದ ಮೇಲೆ ಸಿಮೆಂಟಿನ ಉಬ್ಬಕ್ಷರದಲ್ಲಿ 'ಲಲಿತಮ್ಮನವರ ಮನೆ' ಎಂದು ಬರೆಸಿ, ಗೋಡೆಗೆ ನೀಲಿ ಬಣ್ಣ, ಅಕ್ಷರಕ್ಕೆ ಬಿಳಿ ಬಣ್ಣ ಹೊಡೆಸಿದರು.

ಅದು ಎಲ್ಲಿಂದ ನೋಡಿದರೂ ಕಾಣುತ್ತಿತ್ತು. ಪೋಸ್ಟಿನವನು ಬಾಗಿಲ ಸಂದಿನಿಂದ ಕಾಗದ ತೂರಿಸಿದರೆ ಅದು ಆಚೆ ಹುರುಳಿ ಸಾಲಿನಲ್ಲಿ ಬೀಳುತ್ತಿತ್ತು. ಮದುವೆಗೆ ಕರೆಯಲು ಬಂದವರು ಬಹಳ ಹೊತ್ತು ಚಿಲಕ ಬಡಿದು, ಮನೆಯವರಿಗೆ ಅಹಂಕಾರ ಎಂದು ಬೈದುಕೊಂಡು ಹೋದರು. ರೈಲಿನವರಂತೂ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಯಾರ್ರೀ ಈ ಲಲಿತಮ್ಮ?" ಎಂದು ನಿಟ್ಟೂರಿನಲ್ಲಿ ಹತ್ತುವವರನ್ನು ಕೇಳತೊಡಗಿದರು.

ಗೋಡೆಯ ವಿಷಯ ಮೇಷ್ಟ್ರು ಹೆಂಡತಿಗೆ ಹೇಳಿರಲಿಲ್ಲ. ಹೇಳಲು ಧೈರ್ಯ ಬಂದಿರಲಿಲ್ಲ. ಮೀಸೆ ಮತ್ತೆ ಬಿಟ್ಟಿರಲಿಲ್ಲ, ಬೋಳು ಮುಖ ತೋರಿಸಲಾರದೆ ಭಾನುವಾರ ಮರಳೂರಿಗೆ ಹೋಗುವುದನ್ನೂ ನಿಲ್ಲಿಸಿದ್ದರು. ಒಂದು ಬೆಳಿಗ್ಗೆ ನಾನು ಅವರ ಅಂಗಳದಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ ಮೇಲೆ ಬಾಗಿಲು ಬಡಿದ ಸದ್ದಾಯಿತು. "ಪೋಸ್ಟಿರಬೇಕು," ಎಂದು ಮೇಷ್ಟ್ರು ಮೆಟ್ಟಿಲು ಹತ್ತಿ, ಹುರುಳಿ ದಾಟಿ, ಗೋಡೆಯ ಹಿಂದಿನಿಂದ ಬಾಗಿಲು ತೆರೆದರು. ಹಿಂದೆಯೇ ಹೋದ ನಾನೂ ನೋಡಿದೆ. ಲಲಿತಮ್ಮ ನಿಂತಿದ್ದರು, ಹಿಂದೆ ಕೂಲಿಯವನ ತಲೆಯ ಮೇಲೆ ಟ್ರಂಕು.

ಆಕೆ ಹೊಸ್ತಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು, ಬಲಗಾಲಿಟ್ಟು ಒಳಗೆ ಬಂದು ಹುರುಳಿಯಲ್ಲಿ ನಿಂತರು. ಗಂಡನ ಬೋಳು ಮುಖವನ್ನು ನೋಡಿದರು.

"ಅಣ್ಣ ಹೇಳ್ದ. ಊಟ ಮಾಡ್ತಾ ನಗ್ತಾ ಹೇಳ್ದ. ಎರಡು ದಿನ ಬಿಸಿಲಲ್ಲಿ ನಿಲ್ಲಿಸಿದ್ನಂತೆ."

"ನನಗೇನು ಬಿಸಿಲು ಹೊಸದಾ?" ಎಂದರು ಮೇಷ್ಟ್ರು.

ಲಲಿತಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ, "ಮೊದ್ಲು ಮೀಸೆ ಬಿಡಿ. ಎಲೆಕ್ಷನ್‌ನಲ್ಲಿ ಠೇವಣಿ ಕಳ್ಕೊಂಡೋರ ಹಾಗೆ ಕಾಣ್ತೀರಿ," ಎಂದು ಹೇಳಿ ಮೆಟ್ಟಿಲು ಹುಡುಕಿಕೊಂಡು ಇಳಿದು ಹೋದರು. ಅವತ್ತು ಮಧ್ಯಾಹ್ನ ಆ ಮನೆಯಲ್ಲಿ ನಾನು ಮೊದಲ ಸಲ ಸರಿಯಾಗಿ ಬೆಂದ ಮುದ್ದೆ ಉಂಡೆ.

ಆಮೇಲೆ ಆಕೆಯ ಕಾಯಿದೆಗಳು ಶುರುವಾದವು. ಯಾರೇ ನೆಂಟರು ಬಂದರೂ ಮೆಟ್ಟಿಲಿಳಿದು ಸೀದಾ ಅಂಗಳಕ್ಕೆ ಬರುವಂತಿಲ್ಲ. ಮೊದಲು ಮೇಲಿನ ಬಾಗಿಲಿಗೆ ಹೋಗಬೇಕು, ಚಿಲಕ ಬಡಿಯಬೇಕು, ಲಲಿತಮ್ಮ ಹತ್ತಿ ಬಂದು ತೆರೆದು "ಬನ್ನಿ ಬನ್ನಿ" ಎನ್ನಬೇಕು, ಅಲ್ಲಿಂದ ಹುರುಳಿ ದಾಟಿ ಕೆಳಗಿಳಿಯಬೇಕು. ಮೇಷ್ಟ್ರು ಕೂಡ ಶಾಲೆಯಿಂದ ಬಂದು ಆ ಬಾಗಿಲನ್ನೇ ಬಡಿಯುತ್ತಿದ್ದರು. ಯಾರಾದರೂ ನಕ್ಕರೆ, "ಮುಂಬಾಗಿಲು ಇರೋದ್ಯಾಕ್ರೀ ಮತ್ತೆ?" ಎಂದು ಗದರುತ್ತಿದ್ದರು.

ಐದಾರು ವರ್ಷ ಹೀಗೆ ನಡೆಯಿತು. ಒಂದು ವರ್ಷ ಹಿಂಗಾರು ಮಳೆ ಬಿಡದೆ ಹಿಡಿಯಿತು. ಒಂದು ಬೆಳಿಗ್ಗೆ ಗೋಡೆ ಬಿದ್ದಿದೆ ಎಂದು ಯಾರೋ ಹೇಳಿದರು, ನಾನು ಕೊಡೆ ಹಿಡಿದು ಓಡಿದೆ. ಮಣ್ಣಿನ ಮನೆಯೊಳಗೆ ಒಂದು ಹನಿ ಸೋರಿರಲಿಲ್ಲ. ಸಿಮೆಂಟಿನ ಗೋಡೆ ಬುಡದ ಮಣ್ಣು ನೆನೆದು ರೈಲುಹಳಿಯ ಕಡೆಗೆ ಮಕಾಡೆ ಮಲಗಿತ್ತು. ಇಷ್ಟು ವರ್ಷ ಸಿಮೆಂಟನ್ನು ಬೈದುಕೊಂಡು ಬಂದ ಮನುಷ್ಯ ಇವತ್ತು ಕುಣಿಯಬೇಕಾಗಿತ್ತು. ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಮಳೆಯಲ್ಲಿ ಆ ಗೋಡೆಯ ಪಕ್ಕ ಹೆಗಲು ಇಳಿಬಿಟ್ಟು ನಿಂತಿದ್ದರು. ಲಲಿತಮ್ಮ ತುಸು ದೂರದಲ್ಲಿ ನಿಂತಿದ್ದರು.

"ನಾಳೆ ತುಮಕೂರಿಗೆ ಹೋಗ್ತೀನಿ," ಎಂದರು ಮೇಷ್ಟ್ರು. "ಹತ್ತು ಚೀಲ ಸಾಕು. ಈ ಸಲ ಪಾಯ ಗಟ್ಟಿ ಹಾಕಿಸ್ತೀನಿ." ಕೈ ಆಗಲೇ ಮೀಸೆಯ ಮೇಲಿತ್ತು.

"ಬೇಡ," ಎಂದರು ಲಲಿತಮ್ಮ.

"ಬೇಡ ಅಂದ್ರೆ? ಮನೆ ಮತ್ತೆ ಕಾಣದ ಹಾಗಾಯ್ತಲ್ಲೇ."

"ಕಾಣದಿದ್ರೆ ಕಾಣದೇ ಹೋಗ್ಲಿ ಬುಡಿ. ಇನ್ನೊಂದು ಸಲ ನಿಮ್ಮನ್ನ ಆ ಅಂಗಡಿ ಮುಂದೆ ನಿಲ್ಲಕ್ಕೆ ನಾನು ಬುಡಲ್ಲ."

ಮೇಷ್ಟ್ರು ಮೀಸೆಯಿಂದ ಕೈ ತೆಗೆದರು. ಬಗ್ಗಿ, ಗೋಡೆಯ ಇಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಡತೊಡಗಿದರು. ಲಲಿತಮ್ಮನೂ ಸೆರಗು ಸಿಕ್ಕಿಸಿ ಬಗ್ಗಿದರು. ನಾನು ಕೊಡೆ ಮಡಚಿಟ್ಟೆ.